ಹಗ್ಗ ಹಿಡಿದವರ ಹೆಸರು

(ರನ್ನ ಬೆಳಗಲಿಯ ಸಭೆಯಲ್ಲಿ ಮಾಡಿದ ಭಾಷಣ)



ಗಾಡಿ ಶರ್ಯತ್ತಿನ ಹಳೆಯ ಹುರಿಯಾಳುಗಳನ್ನು ನೆನೆದು ನಾಲ್ಕು ಮಾತು ಹೇಳಬೇಕೆಂದು ತಾವು ನಮ್ಮನ್ನು ಕರೆಯಿಸಿದ್ದೀರಿ. ಎತ್ತಿನ ವಿಷಯದಲ್ಲಿ ನಮಗಿಂತ ಬಲ್ಲವರು ಈ ಸಭೆಯಲ್ಲಿಯೇ ನೂರು ಜನರಿದ್ದಾರೆ. ಆದುದರಿಂದ ನಾವು ಎತ್ತಿನ ಮಾತು ಬಿಟ್ಟು, ಎತ್ತಿನ ಹಿಂದೆ ಹಗ್ಗ ಹಿಡಿದು ಕುಳಿತ ಮನುಷ್ಯನ ಮಾತು ಆಡುತ್ತೇವೆ.

ನಮ್ಮ ಕಡೆ ಶರ್ಯತ್ತು ಮುಗಿದ ಮರುದಿನ ಪತ್ರಿಕೆಯಲ್ಲಿ ಫಲಿತಾಂಶ ಬರುತ್ತದೆ. ಓದಿ ನೋಡಿರಿ. ಇಂಥ ಊರಿನ ಇಂಥವರ ಎತ್ತು ಪ್ರಥಮ, ಇಂಥವರ ಎತ್ತು ದ್ವಿತೀಯ. ಬಹುಮಾನ ಕೊಟ್ಟವರ ಹೆಸರಿರುತ್ತದೆ, ವೇದಿಕೆಯ ಮೇಲೆ ಕುಳಿತವರ ಹೆಸರುಗಳು ಸಾಲುಸಾಲಾಗಿ ಇರುತ್ತವೆ. ಗಾಡಿ ಹೊಡೆದವನ ಹೆಸರು ಮಾತ್ರ ಬಹಳ ಸಲ ಇರುವದಿಲ್ಲ. ಒಡೆಯನೇ ಹೊಡೆದಿದ್ದರೆ ಅದು ಬೇರೆ ಮಾತು. ಆದರೆ ಕೂಲಿಯವ ಹೊಡೆದಿದ್ದರೆ ಅವನ ಹೆಸರು ಧೂಳಿನ ಜೊತೆ ಎದ್ದು ಧೂಳಿನ ಜೊತೆಯೇ ಕೂಡುತ್ತದೆ.

ಇಂಥ ಮಾತನ್ನು ಈ ಊರಲ್ಲಿ ಆಡುವದಕ್ಕೆ ಕಾರಣವಿದೆ. ಊರ ಹೆಸರಿನಲ್ಲಿಯೇ ಒಬ್ಬ ಮನುಷ್ಯನ ಹೆಸರು ಸೇರಿದೆ. ಕ್ರಿ.ಶ. 949ರಲ್ಲಿ ಹುಟ್ಟಿದ ರನ್ನನು ಬಳೆಗಾರರ ಮನೆಯ ಮಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಸಾವಿರ ವರ್ಷದ ಹಿಂದೆ ಬಳೆ ಮಾರಿ ಬದುಕಿದ ಗಂಡಹೆಂಡಿರ ಹೆಸರು ಇಂದಿಗೂ ನಮಗೆ ಹೇಗೆ ಗೊತ್ತು? ಮಗ ಬರೆದಿಟ್ಟ, ಅದಕ್ಕೆ ಗೊತ್ತು. ಆ ಕಾಲದ ಎಷ್ಟೋ ಶ್ರೀಮಂತರ ಹೆಸರು ಅಳಿದುಹೋಗಿವೆ, ಬಳೆಗಾರರ ಹೆಸರು ಉಳಿದಿದೆ.

ಅದೇ ರನ್ನ ಗದಾಯುದ್ಧವನ್ನು ಬರೆದನು. ಭಾರತದ ಆ ಕಥೆಯಲ್ಲಿ ರಥ ಹೊಡೆಯುವವನಿಗೆ ಎಂಥ ಮರ್ಯಾದೆ ಇತ್ತು ನೋಡಿರಿ. ಕರ್ಣನನ್ನು ಹಳಿಯಬೇಕಾದರೆ 'ಸೂತಪುತ್ರ' ಎಂದರು. ಸಾಕಿದ ತಂದೆ ಅಧಿರಥನು ರಥ ಹೊಡೆಯುವವನು, ಅದೇ ಕರ್ಣನ ತಪ್ಪು! ಆದರೆ ಯುದ್ಧ ಗೆಲ್ಲಬೇಕಾದಾಗ ಅರ್ಜುನನಿಗೆ ಹಗ್ಗ ಹಿಡಿಯಲು ಕೃಷ್ಣನೇ ಬೇಕಾಯಿತು, ಕರ್ಣನಿಗೆ ಶಲ್ಯನಂಥ ರಾಜನೇ ಬೇಕಾಯಿತು. ಕೆಲಸ ಬೇಕು, ಕೆಲಸದವನಿಗೆ ಮರ್ಯಾದೆ ಬೇಡ. ಈ ಲೆಕ್ಕ ಬಹಳ ಹಳೆಯದು.

ಇನ್ನು ನಮ್ಮ ಹಳೆಯ ಹುರಿಯಾಳುಗಳು ಯಾರು? ಶರ್ಯತ್ತೇ ಅವರ ಕಸಬಾಗಿರಲಿಲ್ಲ. ವರ್ಷದ ಮುನ್ನೂರು ದಿನ ಅವರು ಬಾಡಿಗೆ ಗಾಡಿ ಹೊಡೆಯುವವರು, ಇಲ್ಲವೆ ಒಕ್ಕಲುತನದ ಆಳುಗಳು. ಈ ನಾಡಿಗೆ ರೈಲು ಎಂದರೆ ಒಂದು ಕಡೆ ಕುಡಚಿ, ಇನ್ನೊಂದು ಕಡೆ ಬಾಗಲಕೋಟೆ. ನಡುವಿನ ದಾರಿಯೆಲ್ಲ ಗಾಡಿಯದೇ. ರಬಕವಿ-ಬನಹಟ್ಟಿಯ ನೂಲು, ಸೀರೆ, ಮಹಾಲಿಂಗಪುರದ ಬೆಲ್ಲ, ಹೊಲದ ಹತ್ತಿ ಎಲ್ಲವೂ ಅವರ ಕೈಯಿಂದಲೇ ಪೇಟೆ ಕಂಡವು. ವ್ಯಾಪಾರಸ್ಥ ಮಿತ್ರರೇ, ನಿಮ್ಮ ಅಜ್ಜಂದಿರ ಅಂಗಡಿಗೆ ಮಾಲು ಬಂದದ್ದು ಅವರ ಗಾಡಿಯಲ್ಲಿ. ಕಾಮಗಾರ ಬಂಧುಗಳೇ, ನಿಮ್ಮ ಅಪ್ಪಂದಿರು ನೇಯ್ದದ್ದು ಊರು ಬಿಟ್ಟು ಹೋದದ್ದೂ ಅದರಲ್ಲಿಯೇ. ಕತ್ತಲೆಯಲ್ಲಿ, ಕೆಸರಿನಲ್ಲಿ, ಹಳ್ಳದ ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿ ಹೊಡೆದು ಕಲಿತ ಕೈ ಅದು. ಅದೇ ಕೈ ಜಾತ್ರೆಯ ದಿವಸ ಬರಿ ಗಾಡಿಯ ಹಗ್ಗ ಹಿಡಿಯುತ್ತಿತ್ತು.

ಆ ವಿದ್ಯೆ ಸಣ್ಣದಲ್ಲ. ಎರಡು ಎತ್ತು ಒಂದೇ ಗುಣದವು ಇರುವದಿಲ್ಲ. ಒಂದು ಮುನ್ನುಗ್ಗುವದು, ಇನ್ನೊಂದು ಹಿಂಜರಿಯುವದು. ಎರಡನ್ನೂ ಒಂದೇ ಹೆಜ್ಜೆಗೆ ತರಬೇಕು. ಕಂಬ ಸುತ್ತಿ ತಿರುಗುವಾಗ ಒಳಗಿನ ಎತ್ತನ್ನು ತಡೆದು ಹೊರಗಿನದನ್ನು ಬಿಡಬೇಕು. ಒಂದು ಕ್ಷಣ ಹೆಚ್ಚುಕಡಿಮೆ ಆದರೆ ಗಾಡಿ ಮಗುಚಿತು. ಹೊರಡುವ ಮೊದಲು ಕಡಾಣಿ ನೋಡಬೇಕು, ಅಚ್ಚಿಗೆ ಎಣ್ಣೆ ಸವರಬೇಕು, ನೊಗ ಹೆಗಲಿಗೆ ಸರಿಯಾಗಿ ಕೂತಿದೆಯೋ ಎಂದು ಕೈಯಾಡಿಸಬೇಕು. ತೆರೆಬಂಡಿಯಲ್ಲಿಯಂತೂ ಓಟವೇ ಇಲ್ಲ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಗೊತ್ತುಪಡಿಸಿದ ಸಮಯದೊಳಗೆ ಎಷ್ಟು ದೂರ ಎಳೆದವು ಎಂದು ಅಳೆಯುತ್ತಾರೆ. ಎರಡೂ ಎತ್ತು ಒಂದೇ ಉಸಿರಿಗೆ ಹೆಗಲು ಕೊಡದಿದ್ದರೆ ಬಂಡಿ ಅಲುಗುವದಿಲ್ಲ. ಅಲ್ಲಿ ಕೋಲಿಗಿಂತ ಕೊರಳಿನ ಕೆಲಸ ಹೆಚ್ಚು.

ಎತ್ತಿನ ತಳಿಯ ಇತಿಹಾಸ ಬರೆದವರು ಅರಸರನ್ನು ಮರೆತಿಲ್ಲ. ಎರೆಭೂಮಿಗೆ ತಕ್ಕ ಕೃಷ್ಣಾ ಕಣಿವೆಯ ತಳಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಸಂಸ್ಥಾನಿಕರು ಬೆಳೆಸಿದರೆಂದು ಬರೆದಿದ್ದಾರೆ. ನಿಜವೇ ಇರಬಹುದು. ಆದರೆ ಆ ಎತ್ತುಗಳ ಸಗಣಿ ಬಳಿದವರಾರು, ಮೊದಲ ಸಲ ನೊಗ ಹೂಡಿ ಪಳಗಿಸಿದವರಾರು? ಮುಧೋಳದ, ಜಮಖಂಡಿಯ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಅರಸರ ಹೆಸರು ದಫ್ತರದಲ್ಲಿ ಉಳಿಯಿತು. ಇವರ ಹೆಸರಿಗೆ ದಫ್ತರವೇ ಇಲ್ಲ.

ಈಗ ಕಾಯದೆಯ ಮಾತು. 2014ರ ಮೇ 7ರಂದು ಸುಪ್ರೀಮ್ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ನಮ್ಮ ರಾಜ್ಯವು 1960ರ ಪ್ರಾಣಿಹಿಂಸೆ ತಡೆ ಕಾಯದೆಗೆ ತಿದ್ದುಪಡಿ ಮಾಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಒಂದು ಕರಾರು ಇದೆ. ಎತ್ತಿಗೆ ಅನಾವಶ್ಯಕ ನೋವು ಆಗಕೂಡದು. ಈ ಕರಾರು ಕೇಳಿ ಕೆಲವರು ಸಿಟ್ಟಾಗುತ್ತಾರೆ. ಸಿಟ್ಟಾಗುವ ಕಾರಣವಿಲ್ಲ. ಹೇರು ಹೊಡೆದು ಹೊಟ್ಟೆ ಹೊರೆಯುವವನಿಗೆ ಗಾಯವಾದ ಎತ್ತು ಎಂದರೆ ಮರುದಿನದ ರೊಟ್ಟಿ ಹೋದಂತೆ. ಮೊಳೆ ಬಡಿದ ಕೋಲು ಹಿಡಿಯುವವನು ಗಾಡಿ ಹೊಡೆಯಲು ಬಾರದವನು. ದುಡ್ಡಿನ ಪಣ ದೊಡ್ಡದಾದ ಕಡೆಯಲ್ಲಿ ಚುಚ್ಚುವದೂ ದೊಡ್ಡದಾಗುತ್ತದೆ. ಶರ್ಯತ್ತು ಉಳಿಯಬೇಕಾದರೆ ಕೊರಳಿನಿಂದ ಗಾಡಿ ಹೊಡೆಯುವವರ ವಿದ್ಯೆಯೇ ಉಳಿಯಬೇಕು.

ಹೊಡೆಯುವವನ ಹೆಸರು ಹೇಳುವದೇನು ಅಸಾಧ್ಯದ ಕೆಲಸವೆ? ನಮ್ಮ ರಾಜ್ಯದ ಕರಾವಳಿಗೆ ಹೋಗಿ ನೋಡಿರಿ. ಕಂಬಳದ ಫಲಿತಾಂಶದಲ್ಲಿ ಕೋಣದ ಯಜಮಾನರ ಹೆಸರಿನ ಜೊತೆಗೆ 'ಓಡಿಸಿದವರು' ಎಂದು ಇನ್ನೊಂದು ಹೆಸರು ಹಾಕುತ್ತಾರೆ. ಹಾಗೆ ಹಾಕುವ ರೂಢಿ ಇದ್ದದ್ದರಿಂದಲೇ 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದವನು ಮಿಜಾರಿನ ಶ್ರೀನಿವಾಸ ಗೌಡ ಎಂಬುದು ಜಗತ್ತಿಗೆ ಗೊತ್ತಾಯಿತು. ಆತ ಕಟ್ಟಡ ಕೆಲಸದ ಕೂಲಿಕಾರ. ದೂರದ ಅಮೆರಿಕದಲ್ಲಿಯೂ ಕುದುರೆ ಹೂಡಿದ ಎರಡು ಗಾಲಿಯ ಗಾಡಿಯ ಶರ್ಯತ್ತು ಇದೆ. ಗೋಶೆನ್ ಎಂಬ ಊರಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯವಿದ್ದು, ಗಾಡಿ ಹೊಡೆದವರ ಹೆಸರುಗಳನ್ನೂ ಅಲ್ಲಿ ಗೌರವದಿಂದ ಇರಿಸಿದ್ದಾರೆ. ಅವರಿಗೆ ಸಾಧ್ಯವಾದದ್ದು ಘಟಪ್ರಭೆಯ ದಂಡೆಯವರಿಗೆ ಯಾಕಾಗದು?

ಆದುದರಿಂದ ತಮ್ಮ ಮುಂದೆ ಮೂರು ಬೇಡಿಕೆ ಇಡುತ್ತೇವೆ. ಒಂದು: ಶರ್ಯತ್ತಿನ ಹೆಸರು ನೋಂದಣಿಯಲ್ಲಿ, ಧ್ವನಿವರ್ಧಕದಲ್ಲಿ, ಪತ್ರಿಕೆಗೆ ಕಳಿಸುವ ಸುದ್ದಿಯಲ್ಲಿ ಒಡೆಯನ ಹೆಸರಿನ ಪಕ್ಕದಲ್ಲಿ ಹೊಡೆದವನ ಹೆಸರೂ ಇರಲಿ. ಎರಡು: ಬಹುಮಾನದಲ್ಲಿ ಅವನ ಪಾಲು ಎಷ್ಟೆಂದು ಮೊದಲೇ ಗೊತ್ತಾಗಲಿ, ಬಿದ್ದು ಕೈಕಾಲು ಮುರಿದರೆ ಔಷಧದ ಖರ್ಚು ಯಾರದೆಂಬುದೂ ಮೊದಲೇ ಬರೆಯಲ್ಪಡಲಿ. ಜಾತ್ರೆಯ ದಿವಸ ಚಹದ ಅಂಗಡಿಯಿಂದ ಹಗ್ಗ-ಗೆಜ್ಜೆಯ ಅಂಗಡಿಯವರೆಗೆ ಎಲ್ಲರಿಗೂ ನಾಲ್ಕು ಕಾಸು ಆಗುತ್ತದೆ. ಅದರಲ್ಲಿ ಒಂದು ಪಾಲು ಈ ಖರ್ಚಿಗೆ ತೆಗೆದಿಟ್ಟರೆ ಯಾರ ಗಂಟೂ ಹೋಗುವದಿಲ್ಲ. ಮೂರು: ಈ ಊರಲ್ಲಿಯೂ ಸುತ್ತಿನ ಹಳ್ಳಿಗಳಲ್ಲಿಯೂ ಹಿಂದೆ ಗಾಡಿ ಹೊಡೆದ ಮುದುಕರು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾರೆ. ಸಾಲೆಯ ಮಕ್ಕಳ ಕೈಗೆ ಎರಡು ನೂರು ಪುಟದ ವಹಿ ಕೊಡಿರಿ. ಅಜ್ಜಂದಿರ ಹೆಸರು, ಊರು, ಯಾವ ಜಾತ್ರೆಯಲ್ಲಿ ಯಾವ ಎತ್ತು ಹೊಡೆದರು, ಹೇಗೆ ಪಳಗಿಸಿದರು ಎಂದು ಕೇಳಿ ಬರೆದುಕೊಳ್ಳಲಿ.

ಕಾರಹುಣ್ಣಿಮೆಗೆ ಕರಿ ಹರಿದಾಗ ಕೆಂದೆತ್ತು ಮುಂದಾಯಿತೋ ಬಿಳಿ ಎತ್ತು ಮುಂದಾಯಿತೋ ಎಂದು ನೋಡಿ ಮುಂಗಾರಿ-ಹಿಂಗಾರಿಯ ಭವಿಷ್ಯ ಹೇಳುವ ನಾವು, ಆ ಎತ್ತನ್ನು ಓಡಿಸಿದವನ ಮುಖವನ್ನೂ ಒಮ್ಮೆ ನೋಡೋಣ. ವಹಿಯ ಬೆಲೆ ಹೆಚ್ಚಿಲ್ಲ. ಮುದುಕರ ದಿನಗಳು ಮಾತ್ರ ಕಡಿಮೆ ಇವೆ. ನಾಳೆಯೇ ಬರೆಯಲು ಸುರು ಮಾಡಿರಿ.