ಇಳಿವಯಸ್ಸಿನಲ್ಲಿ ವಾಹನ ಚಾಲನೆ



ಮೂವತ್ತು ನಲವತ್ತು ವರ್ಷಗಳ ಕಾಲ ಒಂದು ಅಪಘಾತವನ್ನೂ ಮಾಡದೆ ವಾಹನ ನಡೆಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥವರಿಗೆ ಎಚ್ಚರಿಕೆಯ ಮಾತು ಹೇಳಿದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಅನುಭವವು ಬೆಳೆಯುತ್ತಿರುವಾಗಲೇ ಕಣ್ಣು, ಕಿವಿ, ಕುತ್ತಿಗೆಗಳ ಶಕ್ತಿಯು ಕುಂದುತ್ತ ಬರುತ್ತದೆ. ಇದನ್ನು ಅರಿತು ತಮ್ಮ ಅಭ್ಯಾಸಗಳನ್ನು ತಾವೇ ಬದಲಿಸಿಕೊಳ್ಳುವುದು ಸೋಲಲ್ಲ, ವಿವೇಕ.

ಮೊದಲನೆಯದು ದೃಷ್ಟಿ. ವಯಸ್ಸಾದಂತೆ ಕತ್ತಲೆಯಲ್ಲಿ ಕಣ್ಣಿನ ಪಾಪೆಯು ಮೊದಲಿನಷ್ಟು ಹಿಗ್ಗುವುದಿಲ್ಲ; ಮಸೂರವೂ ಮಂದವಾಗುತ್ತದೆ. ಇಪ್ಪತ್ತು ವರ್ಷದವರಿಗೆ ಹೋಲಿಸಿದರೆ ಅರವತ್ತು ವರ್ಷದವರ ಅಕ್ಷಿಪಟಲಕ್ಕೆ ಸುಮಾರು ಮೂರನೆಯ ಒಂದು ಭಾಗದಷ್ಟು ಬೆಳಕು ಮಾತ್ರ ತಲುಪುತ್ತದೆ. ಪೊರೆ ಬೆಳೆಯತೊಡಗಿದರೆ ಎದುರಿನ ವಾಹನದ ದೀಪಗಳು ಕಣ್ಣನ್ನು ಕೋರೈಸುತ್ತವೆ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಗ್ಲಾಕೋಮಾದಿಂದ ಕಳೆದುಹೋದ ಬದಿಯ ನೋಟವು ಮಾತ್ರ ಮರಳಿ ಬಾರದು. ಆದುದರಿಂದ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಅವಶ್ಯ.

ಎರಡನೆಯದು ಪ್ರತಿಕ್ರಿಯೆಯ ವೇಗ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಅರ್ಧ ಸೆಕೆಂಡಿನಲ್ಲಿ ಎಂಟು ಮೀಟರುಗಳಿಗೂ ಹೆಚ್ಚು ದೂರ ಸಾಗುತ್ತದೆ. ಬ್ರೇಕ್ ಒತ್ತಲು ಅಷ್ಟು ತಡವಾದರೂ ರಸ್ತೆ ದಾಟುತ್ತಿರುವ ಮಗುವಿನ ಪ್ರಾಣಕ್ಕೆ ಅಪಾಯವುಂಟು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಅಧಿನಿಯಮದಂತೆ, 55 ವರ್ಷ ತುಂಬಿದವರ ಖಾಸಗಿ ವಾಹನ ಚಾಲನಾ ಪರವಾನಗಿಯನ್ನು ಒಮ್ಮೆಗೆ ಐದು ವರ್ಷಗಳಿಗೆ ಮಾತ್ರ ನವೀಕರಿಸಲಾಗುತ್ತದೆ. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಅದನ್ನು ಬರಿಯ ಸಹಿಯ ಕಾಗದವೆಂದು ಭಾವಿಸದೆ ನಿಜವಾಗಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಐದು ವರ್ಷಗಳ ನಡುವೆಯೂ ದೇಹಸ್ಥಿತಿ ಬದಲಾಗಬಹುದೆಂಬುದನ್ನು ಮರೆಯಬಾರದು.

ಚಾಲನೆಯನ್ನು ಒಮ್ಮೆಲೇ ತ್ಯಜಿಸಬೇಕಾಗಿಲ್ಲ, ಹಂತಹಂತವಾಗಿ ಮಿತಗೊಳಿಸಬಹುದು. ಮೊದಲು ರಾತ್ರಿಯ ಪ್ರಯಾಣವನ್ನು ಬಿಡಿರಿ. ಮುಂಬಯಿಯ ಬಿರುಮಳೆಯಲ್ಲಿ, ದೆಹಲಿಯ ಚಳಿಗಾಲದ ಮಂಜಿನಲ್ಲಿ ವಾಹನವನ್ನು ಹೊರತೆಗೆಯದಿರಿ. ಕಚೇರಿಯ ವೇಳೆಯ ದಟ್ಟಣೆಯನ್ನು ತಪ್ಪಿಸಿ ಪರಿಚಿತ ಮಾರ್ಗದಲ್ಲಿ ಸಾಗಿರಿ. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗುವುದಕ್ಕಿಂತ ಸ್ವಲ್ಪ ಸುತ್ತಿ ಹೋಗುವುದು ಲೇಸು. ನಿದ್ರೆಯ ಮಾತ್ರೆ, ನೆಗಡಿಯ ಮಾತ್ರೆಗಳು ಮಂಪರು ತರಬಹುದು. ವೈದ್ಯರನ್ನು ಕೇಳಿ ತಿಳಿಯಿರಿ. ಮಧುಮೇಹಕ್ಕೆ ಔಷಧಿ ಸೇವಿಸುವವರು ಹಸಿದ ಹೊಟ್ಟೆಯಲ್ಲಿ ವಾಹನ ನಡೆಸಬಾರದು.

ವಾಹನದ ಮೇಲೆ ಹೊಸ ಗೀರುಗಳು ಕಾಣುವುದು, ಸಿಗ್ನಲ್ ಗಮನಕ್ಕೆ ಬಾರದಿರುವುದು, ಪರಿಚಿತ ದಾರಿಯೇ ತಪ್ಪುವುದು: ಇವು ಚಾಲನೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂಬ ಸೂಚನೆಗಳು.

ಮನೆಯ ಕಿರಿಯರಿಗೂ ಒಂದು ಮಾತು. ತಂದೆತಾಯಿಯರ ಕೈಯಿಂದ ಕೀಲಿಯನ್ನು ಕಸಿದುಕೊಳ್ಳಬೇಡಿರಿ. ಅವರ ಪಾಲಿಗೆ ವಾಹನವೆಂದರೆ ಗೆಳೆಯರ ಮನೆ, ದೇವಸ್ಥಾನ, ಆಸ್ಪತ್ರೆಗಳಿಗೆ ಯಾರ ಹಂಗೂ ಇಲ್ಲದೆ ಹೋಗಿಬರುವ ಸ್ವಾತಂತ್ರ್ಯ. ಆಗಾಗ ಪಕ್ಕದಲ್ಲಿ ಕುಳಿತು ಹೋಗಿರಿ. ಕಂಡ ಲೋಪವನ್ನು ಏಕಾಂತದಲ್ಲಿ ಸೌಮ್ಯವಾಗಿ ತಿಳಿಸಿರಿ. ಬಸ್ಸು, ರೈಲು, ಆಟೋಗಳಲ್ಲಿ ಅವರೊಡನೆ ಓಡಾಡಿ ರೂಢಿ ಮಾಡಿಸಿರಿ. ಬೇರೆ ಅನುಕೂಲ ಮೊದಲೇ ಸಿದ್ಧವಿದ್ದರೆ, ಚಾಲನೆ ನಿಲ್ಲಿಸುವ ದಿನ ಬಂದಾಗಲೂ ಹಿರಿಯರು ಮನೆಯೊಳಗೆ ಬಂದಿಗಳಾಗುವುದಿಲ್ಲ. ಆ ದಿನವನ್ನು ಹಿರಿಯರೇ ನಿರ್ಧರಿಸಲಿ. ಅಪಘಾತವೊಂದು ನಿರ್ಧರಿಸುವಂತೆ ಆಗದಿರಲಿ.