ಮೊಳಕೆಯ ಹಿಟ್ಟೂ ಮಗುವಿನ ಹೊಟ್ಟೆಯೂ

(ಮಹಿಳಾ ಸಮಾಜದವರೂ ರೈತರೂ ಸೇರಿದ್ದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಊಟ ಬಲ್ಲವನೆಂದರೆ ಏನನ್ನು ತಿನ್ನಬೇಕೆಂದು ತಿಳಿದವನು ಮಾತ್ರವಲ್ಲ. ತಿಂದದ್ದು ಹೇಗೆ ಅರಗುತ್ತದೆಂದು ತಿಳಿದವನೂ ಹೌದು. ಅರಗಿಸುವ ಕೆಲಸ ಮಾಡುವ ಕಿಣ್ವಗಳ ವಿಷಯವಾಗಿ ಈ ದಿನ ನಾಲ್ಕು ಮಾತು ಹೇಳಿ, ಅವುಗಳಿಂದ ನಮ್ಮ ಮನೆಯ ಕೂಸುಗಳಿಗೆ ಆಗಬಹುದಾದ ಒಂದು ದೊಡ್ಡ ಉಪಕಾರವನ್ನು ತಿಳಿಸಬೇಕೆಂದಿದ್ದೇನೆ.

ಕಿಣ್ವವೆಂದರೇನು? ನಾವು ತಿನ್ನುವ ರಾಗಿ, ಅಕ್ಕಿ, ಬೇಳೆ ಇದ್ದ ಹಾಗೆಯೇ ರಕ್ತಕ್ಕೆ ಸೇರಲಾರವು. ಅವು ಚೂರುಚೂರಾಗಬೇಕು. ಹೀಗೆ ಚೂರು ಮಾಡುವ ವಸ್ತುಗಳೇ ಜೀರ್ಣ ಕಿಣ್ವಗಳು. ಒಂದು ಕುಡುಗೋಲು ಎಷ್ಟೋ ಸಿವುಡು ಪೈರನ್ನು ಕೊಯ್ಯುವಂತೆ, ಒಂದಿಷ್ಟು ಕಿಣ್ವ ಬಹಳಷ್ಟು ಆಹಾರವನ್ನು ಕತ್ತರಿಸುತ್ತದೆ. ಪಿಷ್ಟಕ್ಕೆ ಒಂದು, ಸಸಾರಜನಕಕ್ಕೆ ಒಂದು, ಜಿಡ್ಡಿಗೆ ಒಂದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕಿಣ್ವಗಳುಂಟು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಬರೀ ಅನ್ನದ ಒಂದು ತುತ್ತನ್ನು ನುಂಗದೆ ಬಹಳ ಹೊತ್ತು ಅಗಿಯಿರಿ, ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಮುದ್ದೆಯನ್ನು ಅಗಿಯದೆ ನುಂಗುವವರ ಗತಿಯೇನೆಂದು ಕೇಳಬಹುದು. ಹೆದರಬೇಕಾಗಿಲ್ಲ. ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಇದೇ ಜಾತಿಯ ಕಿಣ್ವವನ್ನು ಬೇಕಾದಷ್ಟು ಸುರಿಸಿ, ಉಳಿದ ಕೆಲಸವನ್ನು ಸಣ್ಣ ಕರುಳಿನಲ್ಲಿ ಮುಗಿಸುತ್ತದೆ. ಆದರೆ ಎಳೆಗೂಸಿನಲ್ಲಿ ಈ ಗ್ರಂಥಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ರೈತ ಬಂಧುಗಳಿಗೆ ಇನ್ನೊಂದು ಕಿಣ್ವ ಬಹಳ ಹತ್ತಿರದ್ದು. ಬಿತ್ತುವ ಮೊದಲು ನೂರು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎಷ್ಟು ಮೊಳೆತವೆಂದು ನಾವು ನೋಡುತ್ತೇವಲ್ಲವೇ? ಆ ಕಟ್ಟಿನೊಳಗೆ ನಡೆಯುವುದೇನು? ಬೇರು ಬಿಟ್ಟು ಎಲೆ ಹಸುರಾಗುವತನಕ ಸಸಿಗೆ ಮಣ್ಣಿನಿಂದಾಗಲಿ ಬಿಸಿಲಿನಿಂದಾಗಲಿ ಊಟ ಸಿಗದು. ಆದ್ದರಿಂದ ಬೀಜ ತನ್ನಲ್ಲಿರುವ ಪಿಷ್ಟವನ್ನು ಒಡೆದು ಸಸಿಗೆ ಉಣಿಸಲು ಅಮೈಲೇಸ್ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. 1833ರಲ್ಲಿ ಫ್ರಾನ್ಸ್ ದೇಶದ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊದಲು ಬೇರ್ಪಡಿಸಿದ ಕಿಣ್ವವೂ ಇದೇ. ಮೊಳೆತ ಬಾರ್ಲಿಯಿಂದ ತೆಗೆದದ್ದು.

ಈಗ ಕೂಸಿನ ವಿಷಯಕ್ಕೆ ಬರೋಣ. ಆರು ತಿಂಗಳು ತುಂಬುವತನಕ ತಾಯಿಯ ಹಾಲೊಂದೇ ಸಾಕು. ಅನಂತರ ಎರಡು ವರ್ಷದವರೆಗೂ, ಬೇಕಾದರೆ ಅದಕ್ಕೂ ಹೆಚ್ಚು ಕಾಲ, ಹಾಲು ಕುಡಿಸುತ್ತಲೇ ಮೇಲೂಟ ಕೊಡಬೇಕು. ಎಷ್ಟೋ ಮಕ್ಕಳು ಸೊರಗುವುದಕ್ಕೆ ಮೊದಲಾಗುವುದು ಈ ಕಾಲದಲ್ಲಿಯೇ. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ಸುಮಾರು 240 ಮಿಲಿಲೀಟರು, ಎಂದರೆ ಒಂದು ಲೋಟ ಮಾತ್ರ. ನಾವು ಕೊಡುವ ರಾಗಿ ಸರಿಯ ಸ್ವಭಾವವೋ, ಹಿಟ್ಟು ಸ್ವಲ್ಪ ಹೆಚ್ಚಾದರೆ ಗಟ್ಟಿಯಾಗಿಬಿಡುತ್ತದೆ, ಕೂಸು ಉಗುಳುತ್ತದೆ. ತಾಯಿ ನೀರು ಬೆರೆಸಿ ತೆಳ್ಳಗೆ ಮಾಡುತ್ತಾಳೆ. ಹೊಟ್ಟೆ ತುಂಬುತ್ತದೆ, ಆದರೆ ತುಂಬಿದ್ದು ಹೆಚ್ಚಾಗಿ ನೀರು. ಹೊಟ್ಟೆ ತುಂಬಿದ ಕೂಸು ಸುಮ್ಮನಾಗುತ್ತದೆ. ತೂಕ ಮಾತ್ರ ಏರುವುದಿಲ್ಲ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಬೆಂದ ಪಿಷ್ಟ ನೀರು ಕುಡಿದು ಉಬ್ಬುವುದೇ ಅದರ ಗುಣ.

ಇಲ್ಲಿಯೇ ಮೊಳಕೆಯ ಕಿಣ್ವ ಉಪಕಾರಕ್ಕೆ ಬರುತ್ತದೆ. ಬಿಸಿ ಸರಿಗೆ ಮೊಳಕೆ ಹಿಟ್ಟು ಒಂದು ಚಿಕ್ಕ ಚಮಚದಷ್ಟು ಸೇರಿಸಿ ಕಲಕಿದರೆ, ಗಟ್ಟಿಯಾಗಿದ್ದದ್ದು ನೀರು ಬೆರೆಸದೆಯೇ ಕೆಲವೇ ನಿಮಿಷಗಳಲ್ಲಿ ತೆಳ್ಳಗಾಗುತ್ತದೆ. ಒಂದು ಚಮಚ ರಾಗಿ ಹಿಟ್ಟು ಹಿಡಿಸುತ್ತಿದ್ದ ಬಟ್ಟಲಿಗೆ ಎರಡು ಮೂರು ಚಮಚ ಹಿಡಿಸಬಹುದು. ಹೊಟ್ಟೆ ಅಷ್ಟೇ, ಅದರೊಳಗಿನ ಆಹಾರ ಮಾತ್ರ ಹೆಚ್ಚು. ಇದರ ಜೊತೆಗೆ ಇನ್ನೊಂದು ಲಾಭವುಂಟು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಇದನ್ನೂ ಕಬ್ಬಿಣದ ಅಂಶವನ್ನೂ ಫೈಟೇಟ್ ಎಂಬ ವಸ್ತು ಕಟ್ಟಿಹಾಕಿರುತ್ತದೆ. ಮೊಳಕೆ ಬರುವಾಗ ಫೈಟೇಸ್ ಎಂಬ ಕಿಣ್ವ ಆ ಕಟ್ಟನ್ನು ಸಡಿಲಿಸುತ್ತದೆ.

ಹಿಟ್ಟು ಮಾಡುವ ಕ್ರಮ ಹೀಗೆ:

1. ಮನೆಯ ರಾಗಿಯನ್ನು ಕಲ್ಲು ಮಣ್ಣು ಆರಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ಒಂದು ರಾತ್ರಿ ನೆನೆಯಿಡಿ.
2. ನೀರು ಬಸಿದು ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನ ತೇವ ಆರದಂತೆ ನೋಡಿಕೊಳ್ಳಿ. ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ, ಅದನ್ನು ಬಳಸಕೂಡದು.
3. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ, ಬೇರನ್ನು ಕೇರಿ ತೆಗೆಯಿರಿ.
4. ಬೀಸಿ, ಜರಡಿ ಹಿಡಿದು, ಒಣಗಿದ ಡಬ್ಬಿಯಲ್ಲಿ ಮುಚ್ಚಿಡಿ.
5. ಮಾಮೂಲಿನಂತೆ ರಾಗಿ ಹಿಟ್ಟಿನ ಸರಿಯನ್ನು ಗಟ್ಟಿಯಾಗಿ ಕಾಯಿಸಿ ಇಳಿಸಿ. ಕುದಿ ನಿಂತು ತುಸು ಆರಿದ ಮೇಲೆ, ಇನ್ನೂ ಬಿಸಿಯಿರುವಾಗಲೇ ಮೊಳಕೆ ಹಿಟ್ಟು ಹಾಕಿ ಕಲಕಿ, ಹತ್ತು ನಿಮಿಷ ಬಿಡಿ.
6. ತೆಳ್ಳಗಾದ ಮೇಲೆ ಮತ್ತೊಮ್ಮೆ ಕುದಿಸಿ ಆರಿಸಿ, ಆಗಿಂದಾಗಲೇ ಉಣಿಸಿ. ಹಸಿ ಮೊಳಕೆ ಹಿಟ್ಟಿನಲ್ಲಿ ರೋಗಾಣುಗಳಿರಬಹುದಾದ್ದರಿಂದ ಈ ಕುದಿಯನ್ನು ತಪ್ಪಿಸಬಾರದು.

ಮೊದಲೇ ಏಕೆ ಕುದಿಯುವಾಗ ಹಾಕಬಾರದು? ಕಿಣ್ವವೂ ಒಂದು ಸಸಾರಜನಕ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗದಂತೆ, ಬೆಂದ ಕಿಣ್ವ ಮತ್ತೆ ಕೆಲಸ ಮಾಡದು. ಅರಳು ಹುರಿದು ಮಾಡಿದ ಹುರಿಹಿಟ್ಟು ರುಚಿಯಾದದ್ದೇ, ಒಳ್ಳೆಯದೇ. ಆದರೆ ಅದಕ್ಕೆ ಸರಿಯನ್ನು ತೆಳ್ಳಗೆ ಮಾಡುವ ಶಕ್ತಿಯಿಲ್ಲ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಬಿತ್ತನೆಗೆಂದು ಔಷಧಿ ಬೆರೆಸಿದ ಬೀಜ ವಿಷ. ಅದನ್ನು ಎಷ್ಟು ತೊಳೆದರೂ ತಿನ್ನುವ ಪದಾರ್ಥಕ್ಕೆ ಬಳಸಕೂಡದು. ಹಾಗೆಯೇ ಜೋಳದ ಮೊಳಕೆಯನ್ನು ಕೂಸಿಗೆ ಕೊಡಬೇಡಿ. ಎಳೆಯ ಜೋಳದ ಪೈರು ಮೇದ ದನ ಸಾಯುವುದನ್ನು ನೀವು ಕೇಳಿದ್ದೀರಿ. ಅದಕ್ಕೆ ಕಾರಣವಾದ ಸಯನೈಡ್ ವಿಷ ಜೋಳದ ಮೊಳಕೆಯಲ್ಲಿಯೂ ಹುಟ್ಟುತ್ತದೆ. ನಮಗೆ ರಾಗಿಯೇ ಸಾಕು.

ಇನ್ನು, ಬೇಯಿಸಿದ ಊಟದಲ್ಲಿ ಕಿಣ್ವ ಸತ್ತಿರುತ್ತದೆ, ಎಲ್ಲವನ್ನೂ ಹಸಿಯಾಗಿಯೇ ತಿನ್ನಿ, ಇಲ್ಲವೇ ನಮ್ಮ ಕಿಣ್ವದ ಪುಡಿ ಕೊಳ್ಳಿ ಎನ್ನುವವರೂ ಉಂಟು. ಆ ಮಾತಿಗೆ ಮರುಳಾಗಬೇಡಿ. ನಮಗೆ ಬೇಕಾದ ಜೀರ್ಣ ಕಿಣ್ವವನ್ನು ನಮ್ಮ ದೇಹವೇ ಮಾಡಿಕೊಳ್ಳುತ್ತದೆ. ಹಸಿ ಕಾಯಿಪಲ್ಯದ ಕಿಣ್ವ ಬಹುಪಾಲು ಹೊಟ್ಟೆಯೊಳಗೆ ತಾನೇ ಅರಗಿಹೋಗುತ್ತದೆ. ಮೊಳಕೆ ಹಿಟ್ಟಿನ ಕಿಣ್ವ ಕೆಲಸ ಮಾಡುವುದು ಬಟ್ಟಲಿನಲ್ಲಿ, ಹೊಟ್ಟೆಯಲ್ಲಲ್ಲ. ಆದ್ದರಿಂದಲೇ ಅದು ಪ್ರಯೋಜನಕ್ಕೆ ಬರುತ್ತದೆ. ಹುರುಳಿ, ಸೋಯಾ ಮುಂತಾದ ಕಾಳುಗಳನ್ನಂತೂ ಬೇಯಿಸಲೇಬೇಕು. ಹಸಿಯಾಗಿದ್ದರೆ ಅವುಗಳಲ್ಲಿರುವ ಒಂದು ವಸ್ತು ಸಸಾರಜನಕವನ್ನು ಅರಗಿಸುವ ನಮ್ಮ ಕಿಣ್ವಕ್ಕೇ ಅಡ್ಡಿಯಾಗುತ್ತದೆ. ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ಕಿಣ್ವದ ಮಾತ್ರೆ ಬೇಕಾಗುವುದು ನಿಜ. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು.

ಮೊಳಕೆ ಹಿಟ್ಟಿನಿಂದ ಎಲ್ಲವೂ ಆಗಿಬಿಡುತ್ತದೆಂದು ನಾನು ಹೇಳುವುದಿಲ್ಲ. ಸರಿಯ ಜೊತೆಗೆ ನುಣ್ಣಗೆ ಮಸೆದ ಬೇಳೆ, ಸೊಪ್ಪು, ಒಂದಿಷ್ಟು ತುಪ್ಪ, ಅನುಕೂಲವಿದ್ದವರ ಮನೆಯಲ್ಲಿ ಮೊಟ್ಟೆ, ಇವೂ ಸೇರಬೇಕು. ಆದರೆ ಇದಕ್ಕೆ ಹಣ ಬೇಕಾಗಿಲ್ಲ. ರಾಗಿ ಮನೆಯಲ್ಲಿದೆ, ನೀರಿದೆ, ಬಿಸಿಲಿದೆ. ಬರುವ ಸೋಮವಾರ ಪ್ರತಿ ಮನೆಯಲ್ಲಿಯೂ ಒಂದು ಪಾವು ರಾಗಿ ನೆನೆಹಾಕಿ. ಕೂಸನ್ನು ಈ ತಿಂಗಳೂ ಮುಂದಿನ ತಿಂಗಳೂ ಅಂಗನವಾಡಿಯಲ್ಲಿ ತೂಗಿಸಿ, ಬರೆಯಿಸಿಕೊಳ್ಳಿ. ನನ್ನ ಮಾತು ದಿಟವೋ ಅಲ್ಲವೋ ಎಂಬುದನ್ನು ಆ ತಕ್ಕಡಿಯೇ ಹೇಳಲಿ.