ಪ್ರಕೃತಿ ಚಿಕಿತ್ಸಕರೂ ಸರಕಾರದ ನಿಯಮವೂ



ನೀರು, ಮಣ್ಣು, ಬಿಸಿಲು, ಗಾಳಿ, ಉಪವಾಸ ಇವು ಯಾರ ಅಪ್ಪಣೆಯನ್ನೂ ಬೇಡದ ಸಾಧನಗಳು. ಹೀಗಿರಲು ಇವುಗಳಿಂದ ರೋಗವನ್ನು ಕಳೆಯುವವನಿಗೆ ಸರಕಾರದ ಪರವಾನಿಗೆ ಏತಕ್ಕೆಂದು ಅನೇಕರು ಕೇಳುವದುಂಟು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು.

ನಮ್ಮ ನೆರೆಮನೆಯ ತರುಣನೊಬ್ಬನಿಂದ ಆ ಎಣಿಕೆ ಅಳಿಯಿತು. ಬಾಲ್ಯದಿಂದಲೇ ಮಧುಮೇಹವಿದ್ದು, ಪ್ರತಿದಿನವೂ ಇನ್ಸುಲಿನ್ ಚುಚ್ಚಿಕೊಂಡು ಬಾಳುತ್ತಿದ್ದ ಆತನು, ವೈದ್ಯರೆಂದು ಫಲಕ ತೂಗಹಾಕಿದ್ದ ಒಬ್ಬರ ಬಳಿಗೆ ಹೋದನು. ಸೂಜಿಯನ್ನು ಬಿಟ್ಟು ಉಪವಾಸವಿರಬೇಕೆಂದು ಅವರು ವಿಧಿಸಿದರು. ಮೂರನೆಯ ದಿನ ವಾಂತಿ, ಏದುಸಿರು, ಅರೆಪ್ರಜ್ಞೆ. ಆಸ್ಪತ್ರೆಗೆ ಹೊತ್ತೊಯ್ದುದರಿಂದ ಜೀವ ಉಳಿಯಿತು. ಇಂಥ ರೋಗಿಯ ಶರೀರದಲ್ಲಿ ಇನ್ಸುಲಿನ್ ಇಲ್ಲವಾದರೆ ಕೊಬ್ಬು ಕರಗಿ ರಕ್ತದಲ್ಲಿ ಆಮ್ಲವು ಸೇರುವದು. ಉಪವಾಸವು ಅದನ್ನು ತಡೆಯಲಾರದು, ಹೆಚ್ಚಿಸುವದು. ಮದ್ದು ಕೊಡದವನಿಂದ ಕೇಡಿಲ್ಲವೆಂಬ ಮಾತು ಅರ್ಧಸತ್ಯ. ಮದ್ದನ್ನು ಬಿಡಿಸುವದೂ ಒಂದು ಚಿಕಿತ್ಸೆಯೇ ಅಲ್ಲವೆ?

ಬಳಿಕ ವಿಚಾರಿಸಲಾಗಿ, ಆ ಚಿಕಿತ್ಸಕರಲ್ಲಿದ್ದುದು ಕೆಲವೇ ವಾರಗಳ ಶಿಬಿರವೊಂದರ ಪ್ರಮಾಣಪತ್ರ. ದೂರನ್ನು ಯಾರಲ್ಲಿ ಕೊಡಬೇಕೆಂಬುದು ಆ ತರುಣನ ತಾಯಿಗೆ ತಿಳಿಯಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಓದು ಬಲ್ಲ ನನಗೂ ತಿಳಿಯಲಿಲ್ಲ.

ಕಾಯಿದೆ ಇಲ್ಲದಿಲ್ಲ. ಕರ್ನಾಟಕದಲ್ಲಿ ವೈದ್ಯರ ನೋಂದಣಿಗಾಗಿ 1961ರ ಶಾಸನವೊಂದಿದ್ದು, ಆಯುರ್ವೇದ, ಸಿದ್ಧ, ಯುನಾನಿಗಳೊಡನೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗಗಳ ಹೆಸರೂ ಅದರಲ್ಲಿದೆ. ಈ ವಿದ್ಯೆಗೆ ಕ್ರಮಬದ್ಧವಾದ ವ್ಯಾಸಂಗವೂ ಉಂಟು. ಉಜಿರೆಯಲ್ಲಿ 1989ರಲ್ಲಿ ಇದರ ಕಾಲೇಜು ಸ್ಥಾಪಿತವಾಯಿತು. ನಾಲ್ಕೂವರೆ ವರ್ಷ ಶರೀರಶಾಸ್ತ್ರ, ರೋಗನಿದಾನ ಮೊದಲಾದವುಗಳನ್ನು ಓದಿ, ಮೇಲೆ ಒಂದು ವರ್ಷ ರೋಗಿಗಳ ನಡುವೆ ಅಭ್ಯಾಸ ಮಾಡಿದವನಿಗೆ ಪದವಿ ದೊರೆಯುವದು. ಯಾರಿಗೆ ಉಪವಾಸ ಸಲ್ಲದೆಂಬುದನ್ನು ಅವನು ಬಲ್ಲನು. ಆದರೆ ಬೀದಿಯಲ್ಲಿ ನಿಂತು ನೋಡುವವನಿಗೆ ಅವನ ಫಲಕವೂ ಶಿಬಿರದವನ ಫಲಕವೂ ಒಂದೇ! ಇದರಿಂದ ರೋಗಿಗೆ ಆಗುವ ಹಾನಿಯೊಡನೆ, ಓದಿದ ವೈದ್ಯನ ಮಾನಕ್ಕೂ ಹಾನಿ.

ಕೇಂದ್ರದ ಸಂಗತಿ ಇನ್ನೂ ವಿಚಿತ್ರ. ಭಾರತೀಯ ವೈದ್ಯಪದ್ಧತಿಗಳಿಗಾಗಿ 2020ರಲ್ಲಿ ರಾಷ್ಟ್ರೀಯ ಆಯೋಗದ ಶಾಸನವಾದಾಗ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾಗಳು ಅದರೊಳಗೆ ಬಂದವು. ಪ್ರಕೃತಿ ಚಿಕಿತ್ಸೆ ಹೊರಗುಳಿಯಿತು. ಒಂದು ಪ್ರಾಂತದಲ್ಲಿ ವೈದ್ಯನೆನಿಸಿಕೊಂಡವನು ಗಡಿ ದಾಟಿದೊಡನೆ ಏನಾಗುವನು? ಈ ಪದ್ಧತಿಯ ಹಲವು ಆಚಾರ್ಯರು ಹುಟ್ಟಿದ ಜರ್ಮನಿಯಲ್ಲಿ, 1939ರ ಶಾಸನದಂತೆ, ವೈದ್ಯಪದವಿಯಿಲ್ಲದವನೂ ಚಿಕಿತ್ಸೆ ಮಾಡಬಹುದು. ಆದರೆ ಇವನಿಂದ ಜನರ ಆರೋಗ್ಯಕ್ಕೆ ಅಪಾಯವಿಲ್ಲವೆಂಬುದನ್ನು ಅಲ್ಲಿಯ ಆರೋಗ್ಯಾಧಿಕಾರಿಗಳು ಪರೀಕ್ಷಿಸಿದ ಮೇಲೆಯೇ ಅನುಮತಿ. ಅದು ನಮಗೆ ಸಾಲದೆಂದು ನನ್ನ ಮತ. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು.

ಮಹಾತ್ಮಾ ಗಾಂಧಿಯವರಲ್ಲಿ ಯಾವ ಪ್ರಮಾಣಪತ್ರವಿದ್ದಿತೆಂದು ಮಿತ್ರರೊಬ್ಬರು ನನ್ನನ್ನು ಕೆಣಕಿದರು. ಇರಲಿಲ್ಲ, ನಿಜ. 1946ರಲ್ಲಿ ಪುಣೆಯ ಸಮೀಪದ ಉರುಳಿ ಕಾಂಚನ ಗ್ರಾಮದಲ್ಲಿ ಅವರು ಬಡವರಿಗೆ ನಿಸರ್ಗೋಪಚಾರ ಮಾಡಿದರು. ಅವರು ಪ್ರಯೋಗಗಳನ್ನು ಮೊದಲು ತಮ್ಮ ಮೈಮೇಲೆ ಮಾಡಿಕೊಂಡವರು, ಫಲಾಫಲಗಳನ್ನು ಲೋಕದೆದುರು ಬರೆದವರು. ಇಂದು ಇದು ಶುಲ್ಕ ಪಡೆಯುವ ವೃತ್ತಿಯಾಗಿದೆ. ಶುಲ್ಕ ಪಡೆದವನು ಉತ್ತರ ಹೇಳುವ ಸ್ಥಾನವೊಂದು ಬೇಡವೆ?

ಮಠಗಳ ಆವರಣಗಳಲ್ಲಿಯೂ ಇಂಥ ಶಿಬಿರಗಳು ನಡೆಯುವದುಂಟು. ಮಠದಲ್ಲಿ ನಡೆಯಿತೆಂದ ಮಾತ್ರಕ್ಕೆ ಜನರು ನಂಬುವರು. ಆದುದರಿಂದ ಚಿಕಿತ್ಸಕರನ್ನು ಕರೆಯಿಸುವ ಮುನ್ನ ಅವರ ನೋಂದಣಿಯ ಸಂಖ್ಯೆಯನ್ನು ಕೇಳಿ, ಅದನ್ನು ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆಯಿಸಬೇಕೆಂದು ಸೇರಿದ ಹಿರಿಯರಲ್ಲಿ ಅರಿಕೆ ಮಾಡಿಕೊಂಡು ನನ್ನ ಮಾತನ್ನು ಮುಗಿಸುವೆನು.